ದೇವರಿಲ್ಲದ ಜಾಗ

೧೯೭೯ರ ಡಿಸೆಂಬರ್ ೫, ಬುಧವಾರ, ಬೆಳಿಗ್ಗೆ ಆರೂವರೆ. ಬುಕ್ಕಾಪಟ್ಟಣದ ಆಚೆಯ ಹಟ್ಟಿಯೊಂದರಲ್ಲಿ ಓಬಯ್ಯನ ಹೆಂಡತಿ ಕರಿಯಕ್ಕನಿಗೆ ಹೆರಿಗೆ ನೋವು ಕಾಣಿಸಿಕೊಂಡಿತು.

ಹಟ್ಟಿಯ ಸುತ್ತ ಮುಳ್ಳುಬೇಲಿ. ಬೇಲಿಯೊಳಗಿನದು ದೇವರ ಜಾಗ, ಅಲ್ಲಿ ಹೆರುವಂತಿಲ್ಲ. ಹೆಂಗಸರು ಮೂವತ್ತು ಮಾರು ಆಚೆಯ ಹುಲ್ಲಿನ ಗುಡಿಸಲಿನಲ್ಲಿ ಹೆರುತ್ತಿದ್ದರು. ಆ ಗುಡಿಸಲನ್ನು ಹಿಂದಿನ ವಾರ ಪೂಜಾರಿ ಮೂಡಲಗಿರಿಯಪ್ಪ ಕೀಳಿಸಿದ್ದ.

ಸಂಚಾರಕ್ಕೆ ಬಂದ ಸ್ವಾಮಿಗಳೊಬ್ಬರು ಮೂರು ಸಂಜೆ ಹಟ್ಟಿಯಲ್ಲಿ ಕೂತು, ದೇವರು ಬೇಲಿಯೊಳಗಷ್ಟೇ ಇಲ್ಲ, ಪರಮಾತ್ಮ ಒಬ್ಬನೇ, ಮಣ್ಣು, ಕಲ್ಲು, ಮರ, ನೀರು ಎಲ್ಲದರಲ್ಲೂ ತುಂಬಿದ್ದಾನೆ ಎಂದು ಹೇಳಿ ಹೋಗಿದ್ದರು. ಪೂಜಾರಿ ಅದನ್ನು ಮನಸಾರೆ ನಂಬಿದ. ಗುಡಿಸಲು ನಿಂತ ಮಣ್ಣೂ ದೇವರದೇ, ಅಲ್ಲಿ ಇಷ್ಟು ಕಾಲ ಮೈಲಿಗೆ ಮಾಡಿದೆವಲ್ಲ ಎಂದು ಎರಡು ದಿನ ಊಟ ಬಿಟ್ಟ.

ಕರಿಯಕ್ಕ ಅದೇ ಮಾತನ್ನು ಬೇರೆ ರೀತಿ ಕೇಳಿಸಿಕೊಂಡಿದ್ದಳು. ಬಾಗಿಲ ಕಂಬ ಹಿಡಿದುಕೊಂಡೇ ಪೂಜಾರಿಗೆ ಹೇಳಿದಳು: "ಎಲ್ಲಾ ಕಡೇನೂ ಅವ್ನೇ ಅಂದ್ರೆ ನನ್ನೊಟ್ಟೇಲೂ ಅವ್ನೇ ಅಲ್ವ ಮಾವ? ಮನೇಲೇ ಹೆತ್ಬುಡ್ತೀನಿ."

"ಎಲ್ಲಾ ಕಡೆ ಅವ್ನೇ ಇರಾದ್ಕೇ ಕಣಮ್ಮ ನಿಂಗೆ ಎಲ್ಲೂ ಜಾಗ ಇಲ್ದಂಗಾಗಿರಾದು" ಎಂದ ಪೂಜಾರಿ. ದನಿಯಲ್ಲಿ ಸಿಟ್ಟಿರಲಿಲ್ಲ.

ಹಟ್ಟಿಯ ಯಜಮಾನರು ಬೇವಿನ ಮರದಡಿ ಕೂತು ಜಾಗ ಹುಡುಕಿದರು. ಹೊಲ, ಹಳ್ಳ, ಬಂಡೆ ಎಲ್ಲವೂ ಸ್ವಾಮಿಗಳ ಮಾತಿನಲ್ಲಿ ಬಂದಿದ್ದವು. ಅವರಲ್ಲೊಬ್ಬ ಅಡವಯ್ಯ ಬೀಡಿ ಹಚ್ಚುತ್ತಾ, "ಸಿಮೆಂಟ್ನಾಗವ್ನೆ ಅಂತ ಅವ್ರು ಅನ್ಲಿಲ್ವಲ್ಲ. ರೋಡಿನ ಮೋರಿ ಐತೆ, ಸರ್ಕಾರದ್ದು. ಅದ್ರೊಳೀಕೆ ಅವ್ನ್ಯಾಕೆ ತೂರ್ತಾನೆ ಬುಡು" ಎಂದ. ಇಬ್ಬರು ನಕ್ಕರು. ಪೂಜಾರಿ ನಗದೆ, ಅದೇ ಸರಿ ಎಂದ.

ರಸ್ತೆಯಡಿ ಮಳೆನೀರು ಹಾಯಲು ಹೂತ ಸಿಮೆಂಟ್ ಕೊಳವೆ ಆ ಮೋರಿ; ಹಟ್ಟಿಯಿಂದ ಎರಡು ಮೈಲಿ. ಕರಿಯಕ್ಕ ನಡೆದಳು. ಮುಟ್ಟುವಂತಿಲ್ಲವಾದ್ದರಿಂದ ಅತ್ತೆ ಕ್ಯಾತಮ್ಮನೂ ಓಬಯ್ಯನೂ ಇಪ್ಪತ್ತು ಹೆಜ್ಜೆ ಹಿಂದೆ ಬಂದರು. ಅವಳು ನಾಲ್ಕು ಸಲ ಕುಸಿದು ಕೂತಳು. ನಾಲ್ಕು ಸಲವೂ ಕ್ಯಾತಮ್ಮ ನೆಲದ ಮೇಲೆ ಕೂರಬೇಡವೆಂದು ಕೂಗಿ ಎಬ್ಬಿಸಿದಳು.

ಮೂರಡಿ ಎತ್ತರದ ಆ ಕೊಳವೆಯೊಳಗೆ ಹತ್ತೂ ಮುಕ್ಕಾಲಿಗೆ ಹೆಣ್ಣುಮಗು ಹುಟ್ಟಿತು. ಕ್ಯಾತಮ್ಮ ಎಸೆದ ಬ್ಲೇಡಿನಿಂದ ಹೊಕ್ಕುಳಬಳ್ಳಿಯನ್ನು ಕರಿಯಕ್ಕನೇ ಕೊಯ್ದುಕೊಂಡಳು. ರಕ್ತ ನಿಲ್ಲಲಿಲ್ಲ. ಅದು ಮಣ್ಣಿಗೆ ಇಳಿಯದಂತೆ ಕ್ಯಾತಮ್ಮ ಕೋಲಿನಿಂದ ಗೋಣಿಚೀಲ ತಳ್ಳಿ ಮೋರಿಯ ಬಾಯಿಗೆ ಅಡ್ಡ ಇಟ್ಟಳು. ಹನ್ನೆರಡರ ಹೊತ್ತಿಗೆ ಕರಿಯಕ್ಕ ನೀರು ಕೇಳುವುದನ್ನು ನಿಲ್ಲಿಸಿದಳು.

ಮಗು ಅಳುತ್ತಲೇ ಇತ್ತು. ಓಬಯ್ಯ ಒಳಕ್ಕೆ ತೆವಳಿ ಅದನ್ನು ಎತ್ತಿಕೊಂಡ. ಕ್ಯಾತಮ್ಮ ಬೇಡವೆಂದು ಕಿರುಚುತ್ತಿದ್ದಂತೆ ಸಿರಾ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿ ಹೋದ.

ಸಂಜೆ ಯಜಮಾನರು ಮತ್ತೆ ಸೇರಿದರು. ಹೆಣವನ್ನು ಯಾವ ಮಣ್ಣಿನಲ್ಲಿ ಹೂಳಬೇಕೆಂಬುದು ತೀರ್ಮಾನವಾಗಲಿಲ್ಲ. ಶುಕ್ರವಾರ ರಸ್ತೆ ಕೆಲಸದವರು ಮೋರಿಯ ಪಕ್ಕದಲ್ಲೇ ಗುಂಡಿ ತೋಡಿ ಹೂತರು.