ಶೇಷಗಿರಿ ಆಚಾರ್ಯರ ದವಡೆ

ಶೇಷಗಿರಿ ಆಚಾರ್ಯರ ಎಡದವಡೆಯೊಳಗೆ ಗಡ್ಡೆ ಬೆಳೆದಿತ್ತು. ಕಾಶಿಯ ಕೇದಾರ ಘಾಟಿನಲ್ಲಿ ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುತ್ತಿದ್ದ ಬಾಯಿ ಅದು. ಮಂತ್ರ ತೊದಲಿದರೆ ಮನೆಯ ಒಲೆ ಆರಿದಂತೆಯೇ.

೧೯೯೩ರಲ್ಲಿ ಕಾಶಿಗೆ ಬಂದ ಹೊಸ ಸ್ಕ್ಯಾನ್ ಯಂತ್ರ ಅವರ ತಲೆಯ ಚಿತ್ರವನ್ನು ಬಿಲ್ಲೆಬಿಲ್ಲೆಯಾಗಿ ತೆಗೆಯಿತು. ಕಂಪ್ಯೂಟರ್ ಆ ಬಿಲ್ಲೆಗಳನ್ನು ಪೇರಿಸಿ, ಚರ್ಮ ಮಾಂಸ ಅಳಿಸಿ, ಬರೀ ಎಲುಬಿನ ಮುಖ ಕಟ್ಟಿತು. ಡಾಕ್ಟರು ಅದನ್ನು ಪರದೆಯ ಮೇಲೆ ಮೆಲ್ಲಗೆ ತಿರುಗಿಸಿದರು. ದವಡೆಯಲ್ಲಿ ಹುಳ ಕೊರೆದ ಬದನೆಕಾಯಿಯಲ್ಲಿರುವಂಥ ತೂತು.

"ಕ್ಯಾನ್ಸರ್ ಅಲ್ಲ, ಪಂಡಿತ್‌ಜೀ. ಎಲ್ಲಿ ಕೊಯ್ಯಬೇಕೋ ಈಗಲೇ ಕಾಣ್ತಿದೆ. ಸೊಂಟದ ಎಲುಬು ತಂದು ತುಂಬ್ತೀನಿ. ಮಾತು ಹೋಗೋದಿಲ್ಲ."

ಆ ಎಲುಬಿನ ಮುಖ ಅಚ್ಚಾದ ಹಾಳೆಯನ್ನು ಆಚಾರ್ಯರ ತಮ್ಮ ವೆಂಕಟೇಶ ಇಸಿದುಕೊಂಡ. "ನೀ ಆರಾಮ ಮಲಕೋ ಅಣ್ಣಾ. ಘಾಟು ನಾ ನೋಡ್ಕೋತೀನಿ."

ನೋಡಿಕೊಂಡ. ಹತ್ತಿ ಬಿಡಿಸಿ ಮುಗಿಸಿದ ನವಲಗುಂದದ ಕಡೆಯ ರೈತರು ಅಸ್ಥಿ ತಂದು "ನಮ್ಮ ಆಚಾರ್ರು ಎಲ್ಲಿ?" ಎಂದು ಕೇಳಿದಾಗಲೆಲ್ಲ ಹಾಳೆಯನ್ನು ಬಿಸಿಲಿಗೆ ಹಿಡಿದ.

"ಇಲ್ಲೇ ಅದಾನಲ್ರೀ, ನೋಡ್ರಿ."

ಹೆಂಗಸರು ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. "ಅಯ್ಯ, ಸತ್ತಾರೇನ್ರೀ?"

"ಉಸಿರಾಡ್ತಾನ. ಆದ್ರ ಈ ಬುರುಡಿ ಬಾಯಿಲೆ ನಿಮ್ಮಪ್ಪಗ ಪಿಂಡ ಮುಟ್ಟತದೇನು? ನೀವ ಹೇಳ್ರಿ."

"ಹೆಣ ಸುಡೂ ಹರಿಶ್ಚಂದ್ರ ಘಾಟಿಗೆ ಹೋಗೂ ಮೊದ್ಲ ಬುರುಡಿ ತಗಸ್ಯಾನ ಬಿಡು!" ಎಂದು ಮುದುಕನೊಬ್ಬ ನಕ್ಕ. ಆ ಮಾತು ಯಾತ್ರಿಕರ ಜೊತೆಗೇ ರೈಲು ಹತ್ತಿ ಊರೂರು ಸೇರಿತು.

ಶಸ್ತ್ರಚಿಕಿತ್ಸೆ ಡಾಕ್ಟರು ಹೇಳಿದಂತೆಯೇ ಆಯಿತು. ಎಲುಬು ಕೂಡಿತು. ಶಿವಾಲ ಓಣಿಯ ಮನೆಯಲ್ಲಿ ಹೆಂಡತಿ ಸರಸ್ವತಮ್ಮ ಅಕ್ಕಿ ಆರಿಸುತ್ತ ಗಂಡನ ಮಂತ್ರಪಾಠ ಕೇಳಿದಳು. "ಒಂದ ಸ್ವರಾನೂ ಜಾರಿಲ್ಲ. ನಾಳೆ ಹೋಗ್ರಿ."

ಹೋದರು. ಮೊರಬದ ಚಿದಾನಂದರಾಯರು ತಂದೆಯ ಅಸ್ಥಿ ತಂದಿದ್ದರು. ಅವರ ತಾಯಿಯ ಕಾರ್ಯವನ್ನು ಹಿಂದೆ ಮಾಡಿಸಿದವರು ಶೇಷಗಿರಿಯೇ. ಸಂಕಲ್ಪ ಸ್ಪಷ್ಟವಾಗಿ ಹೊರಟಿತು. ಅರ್ಧಕ್ಕೇ ರಾಯರು ಕೈಯೊಳಗಿನ ಎಳ್ಳುನೀರು ಚೆಲ್ಲಿ ಎದ್ದರು.

"ತಪ್ಪು ತಿಳೀಬ್ಯಾಡ್ರಿ ಆಚಾರ್ರ. ಮಂತ್ರ ಸರಿ ಅದ. ನೀವು ಬಾಯಿ ತಗದ್ರ ನನಗ ನಿಮ್ಮ ತಮ್ಮ ತೋರ್ಸಿದ ಆ ಎಲುಬು ಕಾಣತಾವ. ಅಪ್ಪನ ಕಾರ್ಯ, ತಮ್ಮನ ಮಾಡಸ್ಲಿ."

"ನಿಮ್ಮ ಮುಖದಾಗೂ ಅಂಥವ ಎಲುಬು ಅದಾವ, ರಾಯರ."

"ಇರಬಹುದು. ಆದ್ರ ಅವನ್ನ ಯಾರೂ ನೋಡಿಲ್ಲಲ್ರೀ."

ವೆಂಕಟೇಶ ಆಗಲೇ ಅಣ್ಣನ ಮಣೆ ಎಳೆದುಕೊಂಡಿದ್ದ. "ಅಲ್ಲಿ ಅನ್ನ ಆರಲಿಕ್ಕತ್ತದ, ಅಣ್ಣಾ. ಪಿಂಡ ಕಟ್ಟು. ಹಾಂ, ಬಾಯಿ ಮುಚ್ಚಿಕೊಂಡ ಕಟ್ಟು, ಮಂದಿ ಹೆದರ್ತಾರ."

ಶೇಷಗಿರಿ ಆಚಾರ್ಯರು ಪರಾತದ ತಟ್ಟೆಯನ್ನು ಮುಂದಕ್ಕೆಳೆದುಕೊಂಡು, ಇನ್ನೂ ಬಿಸಿಯಿದ್ದ ಅನ್ನಕ್ಕೆ ಕೈಯಿಟ್ಟರು.