ಹಿಂಭಾಗ ತಗ್ಗಿದ ಫಿಯೆಟ್

ಕಾಪುವಿನ ರಿಯಾಝ್ ಸೌದಿಯ ದಮ್ಮಾಮಿನಲ್ಲಿ ದುಡಿದ ವರ್ಷಗಳುದ್ದಕ್ಕೂ ಒಂದೇ ಕಾರಿನ ಕನಸು ಕಂಡ. ಹೊಸ ಕಾರಿನದಲ್ಲ. ಮನೆಯ ಪಕ್ಕದಲ್ಲಿ ತಗಡಿನ ಮಾಡಿನಡಿ ನಿಂತೇ ಹೋಗಿದ್ದ, ತೀರಿಹೋದ ಬಾಪನ, ಅಂದರೆ ಅಪ್ಪನ, ಹಳೆಯ ಫಿಯೆಟಿನದು.

ಬಾಪ ಜಲಾಲ್ ಅದರಲ್ಲಿ ಒಣಮೀನು ತುಂಬಿಕೊಂಡು ಬೆಳ್ಮಣ್, ಕಾರ್ಕಳ, ಅಜೆಕಾರಿನ ಅಂಗಡಿಗಳಿಗೆ ಹೋಗುತ್ತಿದ್ದರು. ಬೆಳಿಗ್ಗೆ ಶಾಲೆಗೆ ಹೊರಟ ರಿಯಾಝನಿಗೆ ಕಾಣುತ್ತಿದ್ದುದು ತಿರುವಿನಲ್ಲಿ ಮರೆಯಾಗುವ ಅದರ ಹಿಂಭಾಗ. ಕೂರಲು ಹೊರಟ ಬೆಕ್ಕಿನಂತೆ ಅದು ನೆಲಕ್ಕೆ ತಗ್ಗಿರುತ್ತಿತ್ತು. ಪರದೇಶದಲ್ಲಿ ಕಣ್ಣು ಮುಚ್ಚಿದರೂ ಅದೇ ಕಾಣುತ್ತಿತ್ತು.

ಈ ಸಲ ರಜೆಯಲ್ಲಿ ಬಂದವನು ಕಾರನ್ನು ಹೊರಗೆಳೆದು ತೊಳೆದ. ಇಂಜಿನ್ ಸರಿಮಾಡಿಸಿದ. ಆದರೂ ಮುಖ ಅರಳಲಿಲ್ಲ.

"ಹಿಂದೆ ಎತ್ತರ ಉಂಟು. ಬಾಪನ ಕಾರಿನ ಹಾಗೆ ಕಾಣುವುದೇ ಇಲ್ಲ" ಎಂದ.

"ಅದೇ ಕಾರಲ್ವಾ? ಒಳಗೆ ಕೂತು ಮೂಸಿ ನೋಡಿ" ಎಂದಳು ಹೆಂಡತಿ ಉಮೈರಾ. "ಎಷ್ಟು ಶಾಂಪೂ ಹಾಕಿದರೂ ಬಂಗುಡೆ ಹೋಗಿಲ್ಲ."

ರಿಯಾಝ್ ಮೊಬೈಲಿನಲ್ಲಿ ಕಾರು ತಗ್ಗಿಸುವ ವಿಡಿಯೋಗಳನ್ನು ನೋಡಿದ. ಪರಿಚಯದವನೊಬ್ಬನಿಂದ ಹಿಂದಿನ ಸ್ಪ್ರಿಂಗ್ ಪ್ಲೇಟುಗಳಲ್ಲಿ ಕೆಲವನ್ನು ಕಳಚಿಸಿ, ಗಿಡ್ಡ ಶಾಕ್ ಅಬ್ಸಾರ್ಬರ್ ಹಾಕಿಸಿದ. ಕಾರು ತಗ್ಗಿತು. ನೆನಪಿನೊಳಗಿಂದಲೇ ಇಳಿದು ಬಂದ ಹಾಗಿತ್ತು. ಅವನ ಕಣ್ಣು ತುಂಬಿತು.

ಪಕ್ಕದ ಮನೆಯ ಕಾನ್ಸೆಪ್ಟಾ ಡ್ರೈವಿಂಗ್ ಶಾಲೆ ನಡೆಸುವವರು. ಗೋಡೆಯಾಚೆಯಿಂದ ಬಗ್ಗಿ ನೋಡಿದರು. "ಎಂತ ಮಾರಾಯ, ಕಾರಿನ ಸೊಂಟ ಮುರಿಯಿತಾ?"

"ಮುರಿದದ್ದಲ್ಲ ಬಾಯಮ್ಮ, ಇಳಿಸಿದ್ದು."

ಅವರು ಈಚೆ ಬಂದು ಟಯರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಲು ನೋಡಿದರು. "ಖಾಲಿ ಕಾರಿಗೇ ನನ್ನ ಕೈ ಹಿಡಿಸುವುದಿಲ್ಲ. ಜನ ಕೂತರೆ? ರಸ್ತೆಯ ಹಂಪಿನಲ್ಲಿ ಚಕ್ರ ಮೇಲೆ ಬರಲಿಕ್ಕೆ ಜಾಗ ಬೇಕಲ್ವಾ?"

"ವಿಡಿಯೋದಲ್ಲಿ ಎಲ್ಲರೂ ಓಡಿಸ್ತಾರೆ."

"ಆ ವಿಡಿಯೋದಲ್ಲಿ ಹಿಂದಿನ ಸೀಟಿನಲ್ಲಿ ನಿನ್ನ ಅಮ್ಮ ನಫೀಸಮ್ಮ ಇದ್ದಾರಾ?"

ರಿಯಾಝ್ ನಕ್ಕುಬಿಟ್ಟ. ಮರುದಿನ ಉಮ್ಮ ನಫೀಸಮ್ಮನನ್ನು ಹಿಂದೆ ಕೂರಿಸಿ, ಉಮೈರಾಳೊಂದಿಗೆ ಕಾರ್ಕಳದ ಚಿಕ್ಕಮ್ಮನ ಮನೆಗೆ ಹೊರಟ. ಬೆಳ್ಮಣ್ ಹತ್ತಿರದ ರಸ್ತೆಯುಬ್ಬಿನಲ್ಲಿ ಹಿಂದಿನಿಂದ ಕರ್ರ್ ಎಂದು ಸದ್ದು ಬಂತು. ಕಾರು ಓಲಾಡಿ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಉಮ್ಮನ ತಲೆ ಕಾರಿನ ಮಾಡಿಗೆ ಬಡಿದಿತ್ತು. ಮಡ್‌ಗಾರ್ಡಿನ ಅಂಚು ತಾಗಿ ಟಯರಿನ ಪಕ್ಕ ಕೊಯ್ದುಹೋಗಿ ಒಳಗಿನ ನೂಲು ಕಾಣುತ್ತಿತ್ತು.

ಉಮೈರಾ ಫೋನ್ ಮಾಡಿದಳು. ಕಾನ್ಸೆಪ್ಟಾ ತಮ್ಮ ಕಾರಿನಲ್ಲಿ ಬಂದವರು ಮೊದಲು ಉಮ್ಮನ ತಲೆ ನೋಡಿದರು, ಆಮೇಲೆ ಟಯರು.

"ಜೋರಾಗಿ ಓಡುವಾಗ ಇದು ಒಡೆದಿದ್ದರೆ? ಪ್ಲೇಟು ಇರುವುದು ಚಂದಕ್ಕಲ್ಲ, ಭಾರ ಹೊರಲಿಕ್ಕೆ. ತಯಾರಿಸಿದವರು ಇಟ್ಟ ಅಳತೆಯನ್ನು ನಮಗೆ ಬೇಕಾದ ಹಾಗೆ ಬದಲಿಸಲಿಕ್ಕೆ ಕಾನೂನೂ ಬಿಡುವುದಿಲ್ಲ. ಅಪಘಾತವಾದರೆ ವಿಮೆಯವರು ತಕರಾರು ತೆಗೆದಾರು."

"ನನಗೆ ಬಾಪನ ಕಾರು ಬೇಕಿತ್ತು ಬಾಯಮ್ಮ" ಎಂದ ರಿಯಾಝ್. "ಅದು ಹೀಗೇ ಇದ್ದದ್ದು."

ತಲೆ ಒತ್ತಿಕೊಂಡು ಕೂತಿದ್ದ ನಫೀಸಮ್ಮ ಮಗನತ್ತ ಮುಖ ಎತ್ತಿದರು.

"ಮೀನು ತುಂಬಿದಾಗ ಹಾಗೆ ಇದ್ದದ್ದು, ಮೋನೇ. ನೀನು ನೋಡಿದ್ದು ಹೋಗುವ ಕಾರು. ಬರುವಾಗ ನೀನು ನಿದ್ದೆ. ನಾನು ಗೇಟಿನಲ್ಲಿ ನಿಂತು ಮೊದಲು ಹಿಂಭಾಗವನ್ನೇ ನೋಡುವುದು. ಅದು ಮೇಲೆ ಎದ್ದಿದ್ದರೆ ಮೀನೆಲ್ಲ ಮಾರಿ ಹೋಗಿದೆ, ನಿನ್ನ ಬಾಪ ನಗಾಡಿಕೊಂಡು ಇಳಿಯುತ್ತಾರೆ ಅಂತ ಗೊತ್ತಾಗುತ್ತಿತ್ತು. ತಗ್ಗಿದ್ದರೆ ನಾನು ಎಂತದೂ ಕೇಳುತ್ತಿರಲಿಲ್ಲ. ಸುಮ್ಮನೆ ಒಳಗೆ ಹೋಗಿ ಚಾ ಇಡುವುದು."

ರಿಯಾಝ್ ಕಾರಿನ ಬೆನ್ನಿನ ಮೇಲೆ ಕೈಯಿಟ್ಟು ನಿಂತ. ಇಷ್ಟು ವರ್ಷ ಅವನು ಹಂಬಲಿಸಿದ್ದು ಮನೆಬಿಟ್ಟು ಹೊರಟ ಬಾಪನಿಗಾಗಿ. ಮನೆಗೆ ಮರಳುವ ಬಾಪನನ್ನು ಅವನು ನೋಡಿಯೇ ಇರಲಿಲ್ಲ.

ಉಮ್ಮನನ್ನು ಡಾಕ್ಟರಿಗೆ ತೋರಿಸಿದರು. ದೊಡ್ಡ ಪೆಟ್ಟೇನೂ ಆಗಿರಲಿಲ್ಲ. ಕಾರು ಗ್ಯಾರೇಜಿಗೆ ಹೋಯಿತು. ಮೊದಲಿನ ಅಳತೆಯ ಪ್ಲೇಟು, ಸರಿಯಾದ ಶಾಕ್ ಅಬ್ಸಾರ್ಬರ್, ಹೊಸ ಟಯರು ಬಂದವು. ಕಾನ್ಸೆಪ್ಟಾ ಕಾರಿನಲ್ಲಿ ಜನ ಕೂರಿಸಿ, ಚಕ್ರದ ಮೇಲೆ ಕೈ ಆಡಿಸಿ ನೋಡಿದ ಮೇಲೆಯೇ "ಇನ್ನು ತಗೊಂಡು ಹೋಗು" ಎಂದದ್ದು.

ಸಂಜೆ ಕಾರು ಮನೆಗೆ ಬಂದಾಗ ನಫೀಸಮ್ಮ ಗೇಟಿನಲ್ಲಿದ್ದರು. ಮಗನ ಮುಖ ನೋಡಲಿಲ್ಲ. ಕಾರಿನ ಹಿಂಭಾಗ ನೋಡಿದರು. ಅದು ಹಗುರವಾಗಿ ಮೇಲೆ ಎದ್ದು ನಿಂತಿತ್ತು.

"ಎಲ್ಲ ಹೋಯಿತಾ?" ಎಂದು ಕೇಳಿದರು.

ರಿಯಾಝ್ ನಗುತ್ತ ಇಳಿದ. "ಎಲ್ಲ ಹೋಯಿತು, ಉಮ್ಮ."

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲಿಯೂ ಹಳೆಯ ಕಾರು ಇರಬಹುದು, ಅದರ ಮೇಲೆ ಇಷ್ಟೇ ಪ್ರೀತಿಯೂ ಇರಬಹುದು. ಆದರೆ ಚಂದಕ್ಕೆಂದು ಸ್ಪ್ರಿಂಗ್ ಕತ್ತರಿಸಬೇಡಿ, ಪ್ಲೇಟು ಕಳಚಬೇಡಿ, ಎತ್ತರಿಸಲೆಂದು ಮನಸ್ಸಿಗೆ ಬಂದಂತೆ ಸೇರಿಸಲೂಬೇಡಿ. ಸವೆದದ್ದನ್ನು ಅದೇ ಅಳತೆಯದಕ್ಕೆ ಬದಲಿಸಿ. ಸಂಶಯ ಬಂದರೆ ಸಾರಿಗೆ ಕಚೇರಿಯಲ್ಲಿ ಮೊದಲೇ ಕೇಳಿ. ಕಾರು ಹೊರಡುವಾಗ ಹೇಗೆ ಕಾಣುತ್ತದೆ ಎಂದು ನೋಡುವವರು ದಾರಿಯ ಜನ. ಅದು ಮರಳಿ ಬರುವುದನ್ನು ಗೇಟಿನಲ್ಲಿ ನಿಂತು ಕಾಯುವವರು ನಿಮ್ಮವರು.