ದೊಡ್ಡಪ್ಪನಿಗೆ ಎರಡು ನಮಸ್ಕಾರ

ಅಪ್ಪನ ಫೋಟೋ ಕಣ್ಣು ಮಿಟುಕಿಸಿದ ಹಾಗಾಯಿತು. ಮಿರಾನ್ ಹತ್ತಿರ ಹೋಗಿ ದಿಟ್ಟಿಸಿದಳು. ಬಿಳಿ ಸೇವಂತಿಗೆಗಳ ನಡುವೆ ಅಪ್ಪ ಪ್ಯೋ ಚಾಂಗ್‌ಗು, ಜನ್ಮದಲ್ಲಿ ತೊಡದ ಕರಿ ಕೋಟು ತೊಟ್ಟು ಗಂಭೀರವಾಗಿ ಕೂತಿದ್ದರು. ಕೋಟನ್ನು ಸ್ಟುಡಿಯೋದವನು ಕಂಪ್ಯೂಟರಿನಲ್ಲೇ ತೊಡಿಸಿದ್ದ. ಗುನ್ಸಾನ್ ಬಂದರಿನಲ್ಲಿ ದೋಣಿಗಳ ಇಂಜಿನ್ ಬಿಚ್ಚಿ ಜೋಡಿಸುತ್ತ ಮುದುಕರಾದ ಮನುಷ್ಯ ಅವರು. ಮೈತುಂಬ ಎಣ್ಣೆಯ ಕಲೆ ಇಲ್ಲದ ಅವರ ಫೋಟೋ ಮನೆಯಲ್ಲಿ ಒಂದೂ ಸಿಕ್ಕಿರಲಿಲ್ಲ.

ಸತ್ತವರಿಗೆ ಕೊನೆಯ ನಮಸ್ಕಾರ ಸಲ್ಲಿಸಲು ಜನ ಬರುವ ಶೋಕಭವನದಲ್ಲಿ ಅದು ಎರಡನೆಯ ದಿನ. ಒಬ್ಬಳೇ ಮಗಳು, ಗಂಡು ದಿಕ್ಕಿಲ್ಲ. ಹಾಗಾಗಿ ಕರ್ತೃವಿನ ಜಾಗದಲ್ಲಿ ಮಿರಾನಳೇ ನಿಂತಿದ್ದಳು. ಅಪ್ಪನ ಅಣ್ಣ, ದೊಡ್ಡಪ್ಪ, ತಮ್ಮ ಮಗನನ್ನು ನಿಲ್ಲಿಸಬೇಕೆಂದು ಫೋನಿನಲ್ಲಿ ಕೂಗಾಡಿದ್ದರು. ಇವಳು ಮಾತು ಮುಗಿಯುವ ಮೊದಲೇ ಫೋನ್ ಇಟ್ಟು, ಕರ್ತೃವಾದ ಗಂಡಸರು ಕಟ್ಟುವ ತೋಳಪಟ್ಟಿಯನ್ನು ತಾನೇ ಹಲ್ಲಿನಲ್ಲಿ ಕಚ್ಚಿ ಎಳೆದು ತೋಳಿಗೆ ಕಟ್ಟಿಕೊಂಡಿದ್ದಳು.

ಕೆಲಸವೇನೋ ಕಷ್ಟದ್ದಲ್ಲ. ಬಂದವರು ಫೋಟೋಗೆ ನೆಲ ಮುಟ್ಟಿ ಎರಡು ನಮಸ್ಕಾರ ಮಾಡುತ್ತಾರೆ. ಆಮೇಲೆ ಇವಳ ಕಡೆ ತಿರುಗುತ್ತಾರೆ. ಅವರಿಗೆ ಇವಳು, ಇವಳಿಗೆ ಅವರು ಒಂದೊಂದು. ಸತ್ತವರಿಗೆ ಎರಡು, ಬದುಕಿದವರಿಗೆ ಒಂದು. ನಡೆಯಲು ಕಲಿತ ಮಗುವಿಗೂ ಆ ಊರಿನಲ್ಲಿ ಇದು ಗೊತ್ತು. ಆದರೆ ಮಿರಾನ್ ಕಣ್ಣಿಗೆ ಕಣ್ಣು ಹತ್ತಿಸಿ ಎಷ್ಟು ದಿನವಾಗಿತ್ತೋ ಅವಳಿಗೇ ಲೆಕ್ಕ ತಪ್ಪಿತ್ತು. ಇಲ್ಲಿ ನಿಲ್ಲುವ ಮೊದಲು ವಾರಗಟ್ಟಲೆ ಆಸ್ಪತ್ರೆ. ರೋಗಿಯ ಮಂಚದಡಿಯಿಂದ ಎಳೆದುಕೊಳ್ಳುವ ಗಿಡ್ಡ ಹಲಗೆಯ ಮೇಲೆ ಮುದುಡಿಕೊಂಡು, ಜೊಂಪು ಹತ್ತುವಷ್ಟರಲ್ಲಿ ಅಪ್ಪನ ಕರೆ. ‘ಮಿರಾನ್, ನೀರು.’ ‘ಮಿರಾನ್, ದೋಣಿ ಕಟ್ಟಿದ್ಯಾ?’ ‘ಮಿರಾನ್, ಇದ್ದೀಯಾ?’

ಕೊನೆಯ ಮುಂಜಾನೆ ಅವಳ ತಲೆ ಕೆಟ್ಟೇಹೋಯಿತು. ‘ಸಾಕು, ಕಣ್ಣು ಮುಚ್ಚಿ ಬಿದ್ಕೋಪ್ಪ. ನೀನು ಮಲಗದೆ ನನಗೆ ಬಿಡುಗಡೆ ಇಲ್ಲ’ ಅಂದಳು. ಅಪ್ಪ ಅವಳನ್ನೇ ನೋಡಿದರು. ಹೇಳಿದ ಮಾತು ಕೇಳುವ ಹುಡುಗನಂತೆ ಕಣ್ಣು ಮುಚ್ಚಿದರು. ಮತ್ತೆ ತೆರೆಯಲಿಲ್ಲ.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಇಂದು ಮಧ್ಯಾಹ್ನ ದೇಹವನ್ನು ಪೆಟ್ಟಿಗೆಯಲ್ಲಿಡುವಾಗ ಮನೆಯವರನ್ನು ಕೆಳಗಿನ ಕೋಣೆಗೆ ಕರೆಯುತ್ತಾರೆ. ಸ್ವಲ್ಪ ಹೊತ್ತು ಮುಖ ತೆರೆದಿಡುತ್ತಾರೆ. ಆಗ ಕಿವಿಯ ಬಳಿ ಬಗ್ಗಿ, ತಪ್ಪಾಯ್ತು ಅನ್ನಬೇಕು. ಆಮೇಲೆ ಮುಖಕ್ಕೆ ಸೆಣಬಿನ ಬಟ್ಟೆ ಕಟ್ಟಿ ಮುಚ್ಚಳ ಹಾಕಿಬಿಟ್ಟರೆ ಮುಗಿಯಿತು. ಅಲ್ಲಿಯವರೆಗೆ ಕಾಲ ಮೇಲೆ ನಿಂತಿದ್ದರೆ ಸಾಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ನಿಂತಿದ್ದಳು ನಿಜ, ಆದರೆ ಹೇಗೆ? ಅಪ್ಪನ ಹಳೆಯ ಜೊತೆಗಾರ, ದೋಣಿಯ ಮುದುಕ, ಮೂಗು ಒರೆಸಿಕೊಳ್ಳುತ್ತ ಅತ್ತಾಗ ಇವಳಿಗೆ ನಗು ಬಂತು. ಯಾಕೆ ಬಂತೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ತುಟಿ ಕಚ್ಚಿದಷ್ಟೂ ಉಕ್ಕಿತು. ಮುದುಕ ಪಾಪ, ಅಳುವೆಂದುಕೊಂಡು ಬೆನ್ನು ತಟ್ಟಿದ.

ಸ್ವಲ್ಪ ಹೊತ್ತಿಗೆ ಸುಕ್‌ಜಾ ಅತ್ತೆ, ಅಪ್ಪನ ತಂಗಿ, ಬಾಗಿಲಲ್ಲಿ ಬಂದವರ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದುದು ಕಣ್ಣಿಗೆ ಬಿತ್ತು. ಮಿರಾನಳ ಮೈಯೆಲ್ಲ ಉರಿದುಹೋಯಿತು.

“ಯಾರು ನಿಮಗೆ ಹೇಳಿದ್ದು ಅದನ್ನ ಮುಟ್ಟೋಕೆ? ಎಲ್ಲದರಲ್ಲೂ ಕೈ ಹಾಕ್ಬೇಕಾ ನೀವು?”

ಅತ್ತೆ ಬಗ್ಗಿದಲ್ಲಿಂದಲೇ ಕತ್ತೆತ್ತಿದರು. “ಚಪ್ಪಲಿ ಕಣೇ ಇದು. ನಿನ್ನ ಆಸ್ತಿಯೇನಲ್ಲ.”

“ಬಿಡಿ ಅಂದ್ನಲ್ಲ.” ಹೇಳುತ್ತಲೇ ಮಿರಾನಳ ಕಣ್ಣಿಂದ ಬಳಬಳನೆ ನೀರು ಇಳಿಯಿತು. ಅಪ್ಪನಿಗೆ ಬಾರದ ಅಳು ಚಪ್ಪಲಿಗೆ ಬಂದಿತ್ತು.

“ನಿದ್ದೆಗೆಟ್ಟ ಕೂಸು ಹೀಗೇ ರಚ್ಚೆ ಹಿಡಿಯೋದು,” ಅಂದರು ಅತ್ತೆ. “ಬಾ, ಎರಡು ಚಮಚ ಸಾರಾದ್ರೂ ಕುಡಿ. ಆಮೇಲೆ ಒಳಗೆ ಹೋಗಿ ಸ್ವಲ್ಪ ಒರಗಿಕೊ.”

“ಮಲಗಿದ್ರೆ ಏಳಲ್ಲ ಅತ್ತೆ. ಆಮೇಲೆ ಅಪ್ಪನ ಮುಖ ತಪ್ಪಿಹೋಗುತ್ತೆ.”

“ಎಬ್ಬಿಸೋಕೆ ನಾವೇನು ಸತ್ತಿದ್ದೀವಾ?” ಎಂದವರು ತಮ್ಮ ಮಾತಿಗೆ ತಾವೇ ನಾಲಿಗೆ ಕಚ್ಚಿಕೊಂಡರು.

ಖಾರದ ಮಾಂಸದ ಸಾರಿನ ಬಟ್ಟಲು ಮುಂದೆ ಬಂತು. ಮಿರಾನ್ ಚಮಚ ಹಿಡಿದದ್ದಷ್ಟೇ ನೆನಪು. ಮರುಕ್ಷಣ ನೋಡಿದರೆ ಅವಳು ಫೋಟೋದ ಪಕ್ಕ ನಿಂತಿದ್ದಳು, ಕೈಯಲ್ಲಿ ಚಮಚ ಹಾಗೇ ಇತ್ತು. ನಡುವಿನದ್ದನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಕೆಳಗಿನ ಕೋಣೆಗೆ ಹೋಗಿಬಂದೆನೇ? ಹೋಗಿದ್ದರೆ ನೆನಪಿರುತ್ತಿತ್ತು. ಇರುತ್ತಿತ್ತೇ? ಚಮಚವನ್ನು ಎಲ್ಲಿಡಬೇಕೆಂದು ತೋಚದೆ ಸೇವಂತಿಗೆಗಳ ನಡುವೆ ಸಿಕ್ಕಿಸಿದಳು.

ಅದೇ ಹೊತ್ತಿಗೆ ಬಾಗಿಲಲ್ಲಿ ಅಪ್ಪ ಕಾಣಿಸಿದರು.

ಅದೇ ಅಗಲ ಕಿವಿ, ಎಡಕ್ಕೆ ವಾಲಿದ ಅದೇ ಭುಜ. ಕೋಲೂರಿಕೊಂಡು ಒಳಗೆ ಬಂದು ಎದುರು ನಿಂತರು. ಮಿರಾನಳಿಗೆ ಎಂಥ ನೆಮ್ಮದಿಯಾಯಿತೆಂದರೆ, ಅಯ್ಯೋ ಇಲ್ಲೇ ಇದ್ದಾರಲ್ಲ, ಸುಮ್ಮನೆ ಇಷ್ಟು ಜನ ಸೇರಿದೆವಲ್ಲ ಅನ್ನಿಸಿತು. ಜೊತೆಗೇ ಅಪ್ಪ ಸತ್ತಿದ್ದಾರೆ ಎಂಬುದೂ ಚೆನ್ನಾಗಿ ಗೊತ್ತಿತ್ತು. ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಕೂತಿದ್ದವು. ಅವಳು ಕೈ ಜೋಡಿಸಿ, ನೆಲಕ್ಕೆ ಹಣೆ ಹಚ್ಚಿ ಒಂದು ನಮಸ್ಕಾರ ಮಾಡಿದಳು. ಎದ್ದಳು. ಮತ್ತೆ ಕೈ ಜೋಡಿಸಿ ಇನ್ನೊಂದಕ್ಕೆ ಬಗ್ಗಿದಳು.

ಊಟದ ಸಾಲಿನಲ್ಲಿ ಚಮಚಗಳ ಸದ್ದು ನಿಂತುಹೋಯಿತು. ಹೃದಯದ ಆಪರೇಷನ್ ಮಾಡಿಸಿಕೊಂಡು ಮೊನ್ನೆ ಮೊನ್ನೆ ಮನೆಗೆ ಬಂದಿದ್ದ ಹಿರಿಯ ಜೀವಕ್ಕೆ, ಸ್ವಂತ ದೊಡ್ಡಪ್ಪನಿಗೆ, ಎರಡು ನಮಸ್ಕಾರ! ಫೋನಿನ ಜಗಳದ ಸೇಡು ಹೀಗೆ ತೀರಿಸಿಕೊಂಡಳೇ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ಎದೆ ಹಿಡಿದುಕೊಂಡರು. ಮಿರಾನ್ ಮಾತ್ರ ನೆಲಕ್ಕೆ ಹಚ್ಚಿದ ಹಣೆ ಎತ್ತಲೇ ಇಲ್ಲ.

ದೊಡ್ಡಪ್ಪ ಕೆಂಪಗಾದರು. “ನಾನಿನ್ನೂ ಸತ್ತಿಲ್ಲ ಕಣಮ್ಮ,” ಅಂದರು. ಕೋಲು ಊರಿ ಕಷ್ಟಪಟ್ಟು ಬಗ್ಗಿ ಕಿವಿ ಕೊಟ್ಟರು. ಅವಳು ಬಿದ್ದಲ್ಲೇ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಕೋಪ ಎಲ್ಲಿ ಹೋಯಿತೋ. ಅವರು ನೆಲದ ಮೇಲೆ ಕೂತು, ಅವಳ ತೋಳಪಟ್ಟಿಯ ಗಂಟು ಬಿಚ್ಚಿ ತಮ್ಮ ತೋಳಿಗೆ ಸುತ್ತಿಕೊಂಡರು. ತಮ್ಮನ ಸಾವಿಗೆ ಅಣ್ಣ ಕರ್ತೃವಾಗಿ ನಿಲ್ಲುವುದು ಎಲ್ಲೂ ಇಲ್ಲದ ಪದ್ಧತಿ. “ಸುಕ್‌ಜಾ, ಇವಳನ್ನ ಒಳಗೆ ಮಲಗಿಸು,” ಅಂದರು. “ಕೆಳಗೆ ಕರೆದಾಗ ಎಬ್ಬಿಸಿದ್ರಾಯ್ತು.”

ಮಿರಾನ್ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಸಂಜೆ ಬಿಸಿಲು. ಬೆನ್ನಡಿಯ ನೆಲ ಬೆಚ್ಚಗಿತ್ತು. ಒಂದು ಗಳಿಗೆ ಎಲ್ಲ ಹಿತವಾಗಿತ್ತು. ಆಮೇಲೆ ಕೆಳಗಿನ ಕೋಣೆ ನೆನಪಾಯಿತು. ಕೆದರಿದ ತಲೆಯಲ್ಲೇ ಹೊರಗೆ ಓಡಿಬಂದಳು.

“ಯಾಕೆ ಎಬ್ಬಿಸ್ಲಿಲ್ಲ? ಅತ್ತೆ, ಮಾತು ಕೊಟ್ಟಿದ್ರಲ್ಲ. ಮುಚ್ಚಳ ಹಾಕಿಬಿಟ್ರಾ?”

ಅತ್ತೆ ಅವಳನ್ನು ವಿಚಿತ್ರವಾಗಿ ನೋಡಿದರು. “ಎಬ್ಬಿಸಿದೆವಲ್ಲೇ. ನೀನೇ ನಡ್ಕೊಂಡು ಬಂದೆ.”

“ನಾನಾ?”

“ಇನ್ಯಾರು? ನಿಮ್ಮಪ್ಪನ ಕೆನ್ನೆ ಮುಟ್ಟಿದೆ. ಕಿವಿ ಹತ್ರ ಬಗ್ಗಿ ಬಹಳ ಹೊತ್ತು ಏನೋ ಹೇಳಿದೆ. ವಾಪಸ್ ಬಂದು ಮತ್ತೆ ಬಿದ್ಕೊಂಡೆ.”

ಮಿರಾನ್ ಅಂಗೈ ಮೂಸಿದಳು. ದೇಹಕ್ಕೆ ಹಚ್ಚುವ ಗಂಧದ ನೀರಿನ ವಾಸನೆ ಇತ್ತು. ಎಷ್ಟು ತಡಕಿದರೂ ಆ ಕೋಣೆ, ಆ ಮುಖ, ಆ ಕೆನ್ನೆ, ಒಂದೂ ಕೈಗೆ ಸಿಗಲಿಲ್ಲ. ಬೇರೆ ಯಾರೋ ಅವಳ ಕೈ ತೊಟ್ಟುಕೊಂಡು ಹೋಗಿಬಂದಂತಿತ್ತು.

“ಏನು ಹೇಳಿದೆ ನಾನು?”

“ನಮಗೆಲ್ಲಿ ಕೇಳುತ್ತೆ? ಗುಸುಗುಸು ಅಂತಿದ್ದೆ. ಮಧ್ಯೆ ಒಂದ್ಸಲ ನಕ್ಕೆ.”

“ನಕ್ಕೆನಾ?”

“ಅತ್ತಿರಬಹುದು ಬಿಡು. ನಿಂದು ಎರಡೂ ಒಂದೇ ಥರ ಇತ್ತು ಇವತ್ತು.”

ಅವಳು ದೊಡ್ಡಪ್ಪನ ಕಡೆ ತಿರುಗಿದಳು. ಅವರು ಫೋಟೋದ ಪಕ್ಕ, ತೋಳಪಟ್ಟಿ ಸರಿಮಾಡಿಕೊಳ್ಳುತ್ತ ನಿಂತಿದ್ದರು. “ನೀವು ಪಕ್ಕದಲ್ಲೇ ಇದ್ರಾ? ತಪ್ಪಾಯ್ತು ಅಂದೆನಾ, ದೊಡ್ಡಪ್ಪ? ಆ ಒಂದು ಮಾತು ಕೇಳಿಸ್ತಾ?”

“ಈ ಮುದಿ ಕಿವಿಯನ್ನ ನಂಬ್ತೀಯಾ?” ಅಂದರು ಅವರು ಮೆಲ್ಲಗೆ. “ಅಪ್ಪ ಮಗಳ ಮಾತು, ಮಿರಾನ್. ನಿಮ್ಮಿಬ್ಬರಿಗೆ ಗೊತ್ತಿದ್ರೆ ಸಾಕು.”

“ಇಬ್ಬರಲ್ಲಿ ಒಬ್ಬರು ಸತ್ತಿದ್ರು, ಇನ್ನೊಬ್ಬಳು ನಿದ್ದೆಯಲ್ಲಿದ್ಲು. ಯಾರಿಗೆ ಗೊತ್ತು, ದೊಡ್ಡಪ್ಪ?”

ಹೊಸದಾಗಿ ಬಂದ ನೆಂಟರು ಬಾಗಿಲಲ್ಲೇ ತಡೆದು ನಿಂತರು. ಮಿರಾನ್ ಫೋಟೋದ ಮುಂದೆ ಕುಸಿದು ಕೂತಳು. ಈಗ ತಲೆ ನಿಚ್ಚಳವಾಗಿತ್ತು, ಅದೇ ಅವಳ ದುರದೃಷ್ಟ. ಸಾರು ಉಣ್ಣುತ್ತಿದ್ದವರಿಗೆಲ್ಲ ಕೇಳುವಂತೆ, ದನಿ ಒಡೆದರೂ ನಿಲ್ಲಿಸದೆ ಹೇಳಿದಳು.

“ಅಪ್ಪ, ನಿನ್ನನ್ನ ಮಲಗು ಅಂದದ್ದು ನನಗೆ ನಿದ್ದೆ ಬೇಕಿತ್ತು ಅಂತ. ನೀನು ಹೋಗ್ಲಿ ಅಂತ ಅಲ್ಲ. ತಪ್ಪಾಯ್ತಪ್ಪ.”

ಅತ್ತೆ ಸೆರಗಿಲ್ಲದ ಬಟ್ಟೆಯ ತೋಳಿನಲ್ಲಿ ಕಣ್ಣೊರೆಸಿಕೊಂಡರು. ದೊಡ್ಡಪ್ಪನ ಕೈ ಬಂದು ಅವಳ ತಲೆಯ ಮೇಲೆ ಕೂತಿತು. ಆ ಭಾರದ ಅಡಿಯಲ್ಲಿ ಕೂತು ಮಿರಾನ್ ಅಪ್ಪನ ಮುಖವನ್ನೇ ನೋಡಿದಳು. ಈ ಮಾತು ಅಪ್ಪನಿಗೆ ಹೇಳಿದ್ದು ಇದೇ ಮೊದಲ ಸಲವೋ, ಎರಡನೆಯ ಸಲವೋ, ಅವಳಿಗೆ ತಿಳಿಯಲಿಲ್ಲ.